ಹೊಟ್ಟೆ ಮೇಲೋ, ಕೆಳಗೋ?

ನಮಸ್ಕಾರ್ರೀ. ಹೋದ ವಾರ ಪ್ಯಾಂಟ್ ಹೊಲಿಸೋಕೆ ಇಲ್ಲೇ ವಿಜಯಪುರದಲ್ಲಿ ಟೇಲರ್ ಹತ್ರ ಹೋಗಿದ್ದೆ. ಟೇಪು ಹಿಡಿದು ಕೇಳಿದ: "ಹೊಟ್ಟಿ ಮ್ಯಾಲ ತಗೊಳ್ಳಲೇನ್ರಿ ಸರ, ಕೆಳಗ ತಗೊಳ್ಳಲೇನ್ರಿ?"

ಥಟ್ಟನೆ "ಕೆಳಗ" ಅಂದೆ. 34 ಬಂತು. ಖುಷಿಯಾಯ್ತು. ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಹೊಟ್ಟೆ ಮೇಲೆ ಅಳೆದೆ. 38!

ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೋ ಇಲ್ಲವೋ ಅಂತ ಹೇಳುವ ಲೆಕ್ಕ, ನೋಡಿದರೆ ನಾನು ಪಾಸು. ತೂಕ 72 ಕೆಜಿ, ಎತ್ತರ 1.7 ಮೀಟರ್. ತೂಕವನ್ನು ಎತ್ತರದಿಂದ ಭಾಗಿಸಿ, ಬಂದದ್ದನ್ನು ಮತ್ತೊಮ್ಮೆ ಎತ್ತರದಿಂದ ಭಾಗಿಸಿ. 24.9. ಇಪ್ಪತ್ತೈದರ ಒಳಗೇ ಇದೆ, ಅಲ್ವಾ?

ಇಲ್ಲ. ಆ 25 ಜಗತ್ತಿಗೆಲ್ಲ ಸೇರಿಸಿ ಹಾಕಿದ ಗೆರೆ. ಭಾರತೀಯರಿಗೆ ಇಲ್ಲಿನ ಡಾಕ್ಟರುಗಳು ಹಾಕಿರುವ ಗೆರೆ 23, ಅದು ಮುಟ್ಟಿದರೆ ತೂಕ ಜಾಸ್ತಿ. 25 ಮುಟ್ಟಿದರೆ ಬೊಜ್ಜು ಅಂತಲೇ ಲೆಕ್ಕ. ಯಾಕಂದ್ರೆ ಅಷ್ಟೇ ಬಿಎಂಐ ಇರುವ ಯುರೋಪಿನವನಿಗಿಂತ ನಮ್ಮ ಮೈಯಲ್ಲಿ ಕೊಬ್ಬು ಜಾಸ್ತಿ, ಅದರಲ್ಲೂ ಹೊಟ್ಟೆಯಲ್ಲಿ. ಶುಗರ್ ಕೂಡ ನಮಗೆ ಕಡಿಮೆ ತೂಕಕ್ಕೇ ಬಂದು ಕೂರುತ್ತೆ.

ಗೋಲಗುಂಬಜ್ ಕಡೆ ವಾಕಿಂಗ್ ಮುಗಿಸಿ ಇದನ್ನೇ ಹೇಳಿದೆ. ಗೆಳೆಯ ನಕ್ಕ. "ಬಿಎಂಐ ಎಲ್ಲಾ ಸುಳ್ಳೋ ಮಾರಾಯಾ. ಪೈಲ್ವಾನಗೂ 29 ತೋರಸ್ತೈತಿ."

ಮಾತು ನಿಜವೇ. ಸ್ನಾಯು ಯಾವುದು, ಕೊಬ್ಬು ಯಾವುದು ಅಂತ ಬಿಎಂಐಗೆ ಗೊತ್ತಾಗಲ್ಲ. 1830ರ ದಶಕದಲ್ಲಿ ಈ ಲೆಕ್ಕ ಹಾಕಿದ ಬೆಲ್ಜಿಯಂನ ಕ್ವೆಟೆಲೆ ಡಾಕ್ಟರೂ ಅಲ್ಲ, ಗಣಿತದವನು. ಅವನಿಗೆ ಬೇಕಿದ್ದದ್ದು ಜನಸಮೂಹದ ಸರಾಸರಿ. ಬಿಎಂಐ ಅನ್ನೋ ಹೆಸರು ಬಂದದ್ದೇ 1972ರಲ್ಲಿ. ಆದರೆ ಪೈಲ್ವಾನನ ಉದಾಹರಣೆ ಕೊಡುವ ನಮ್ಮಲ್ಲಿ ಎಷ್ಟು ಜನ ಗರಡಿಮನೆಯ ಮಣ್ಣು ಮುಟ್ಟಿದ್ದೇವೆ? ನಮ್ಮ ಗೆಳೆಯ ಇದನ್ನು ಹೇಳಿದ್ದು ಎರಡನೇ ಪ್ಲೇಟ್ ಮಿರ್ಚಿ ಭಜಿ ಮುಂದಿಟ್ಟುಕೊಂಡು!

ಅದಕ್ಕೇ ನಾನು ಹೇಳೋದು, ಬಿಎಂಐ ಜೊತೆ ಟೇಪೂ ಇರಲಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ, ಇವೆರಡರ ನಡುವೆ ಟೇಪು ಸುತ್ತಿ. ಸುಮ್ನೆ ಉಸಿರು ಬಿಟ್ಟು ನಿಲ್ಲಿ, ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ನಮ್ಮ ಗಂಡಸರಿಗೆ ಮಿತಿ 90 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೈದೂವರೆ ಇಂಚು. ಪ್ಯಾಂಟಿನ ಸೈಜ್ ಇದರಲ್ಲಿ ಲೆಕ್ಕಕ್ಕಿಲ್ಲ. ಹೊಟ್ಟೆ ಬೆಳೆದಂತೆ ಬೆಲ್ಟು ಕೆಳಗಿಳಿಯುತ್ತೆ, ನಂಬರ್ ಮಾತ್ರ ಇಪ್ಪತ್ತು ವರ್ಷ 34ರಲ್ಲೇ ಇರುತ್ತೆ.

ನಿನ್ನೆ ಪ್ಯಾಂಟ್ ಬಂತು. ಹಿಂದುಗಡೆ ಎರಡಿಂಚು ಮಾರ್ಜಿನ್ ಬಿಟ್ಟಿದ್ದಾನೆ. ನಾನು ಕೇಳಿರಲೇ ಇಲ್ಲ.