ಗಿಳಿಯ ರೆಕ್ಕೆಗೆ ಕತ್ತರಿ ಹಾಕುವ ಮುನ್ನ

ನಮಸ್ಕಾರ. ಈಗ ನೀವು ಪರದೆಯ ಮೇಲೆ ನೋಡುತ್ತಿರುವುದು ನಮ್ಮ ಕನ್ಯೂರ್ ಗಿಳಿ ಮೈ ಮುರಿಯುವ ದೃಶ್ಯ. ಒಂದು ಬದಿಯ ಕಾಲನ್ನೂ ಅದೇ ಬದಿಯ ರೆಕ್ಕೆಯನ್ನೂ ಒಟ್ಟಿಗೆ ಹಿಂದಕ್ಕೆ ಚಾಚುವ ಈ ಹೊತ್ತಿನಲ್ಲಿ ಗರಿಗಳೆಲ್ಲ ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತವೆ. ಹೊರ ಅಂಚಿನಿಂದ ಒಳಕ್ಕೆ ಎಣಿಸಿದರೆ ಮೊದಲು ಸಿಗುವ 10 ಉದ್ದ ಗರಿಗಳು ಹಕ್ಕಿಯನ್ನು ಮುಂದಕ್ಕೆ ನೂಕುತ್ತವೆ; ಅವುಗಳ ಒಳಬದಿಯ ಗರಿಗಳು ಅದನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತವೆ. ಹಕ್ಕಿ ಹೆಚ್ಚು ಹಾರದಿರಲೆಂದು ರೆಕ್ಕೆ ಕತ್ತರಿಸುವವರು ಸಾಮಾನ್ಯವಾಗಿ ಆ 10 ಗರಿಗಳಲ್ಲಿ ಕೆಲವನ್ನು ಎರಡೂ ಬದಿಗಳಲ್ಲಿ ಸಮನಾಗಿ ಮೊಟಕುಗೊಳಿಸುತ್ತಾರೆ. ಗಿಳಿ ಹಾರಲು ಕಲಿತಂದಿನಿಂದ ನಮ್ಮ ಮನೆಯಲ್ಲೂ ಅದರ ರೆಕ್ಕೆ ಕತ್ತರಿಸಬೇಕೇ ಬೇಡವೇ ಎಂಬ ಮಾತು ನಡೆಯುತ್ತಲೇ ಇದೆ. ನಾನು ಯಾವ ತೀರ್ಮಾನಕ್ಕೆ ಬಂದೆ, ಏಕೆ ಬಂದೆ ಎಂಬುದನ್ನು ಇಂದು ಹೇಳುತ್ತೇನೆ.

ಕತ್ತರಿಸಬೇಕು ಎನ್ನುವವರ ಭಯ ಸುಳ್ಳಲ್ಲ. ತಿರುಗುವ ಸೀಲಿಂಗ್ ಫ್ಯಾನ್, ಒಲೆಯ ಮೇಲೆ ಕುದಿಯುವ ಪಾತ್ರೆ, ಮುಚ್ಚಳ ಹಾಕದ ಕಮೋಡ್, ಹಕ್ಕಿಯ ಕಣ್ಣಿಗೆ ಬಯಲಿನಂತೆಯೇ ತೋರುವ ಕಿಟಕಿಯ ಗಾಜು, ಇವೆಲ್ಲ ಹಾರುವ ಗಿಳಿಯ ಜೀವಕ್ಕೆ ಎರವಾಗಬಲ್ಲವು. ಬಾಗಿಲು ತೆರೆದ ಒಂದು ಗಳಿಗೆಯಲ್ಲಿ ಹೊರಗೆ ಹಾರಿ ಎತ್ತರದ ಮರವೇರಿದ ಸಾಕುಗಿಳಿ, ಯಜಮಾನನ ದನಿ ಕೇಳಿದರೂ ಕೆಳಗಿಳಿಯದೆ ಅಲ್ಲೇ ಕೂರುವುದುಂಟು. ಅದು ಹಟವಲ್ಲ. ಕೋಣೆಯೊಳಗೆ ಅಡ್ಡಡ್ಡ ಹಾರಿ ಬೆಳೆದ ಹಕ್ಕಿಗೆ ಎತ್ತರದಿಂದ ಕಡಿದಾಗಿ ಇಳಿಯುವ ವಿದ್ಯೆ ಒಲಿದಿರುವುದಿಲ್ಲ.

ನೋವಿನ ವಿಚಾರದಲ್ಲಿ ಸ್ಪಷ್ಟತೆ ಇರಬೇಕು. ಪೂರ್ತಿ ಬಲಿತ ಗರಿ ನಮ್ಮ ಉಗುರಿನ ಹಾಗೆ ಕೆರಾಟಿನ್‌ನಿಂದಾದದ್ದು. ಅದನ್ನು ಕತ್ತರಿಸಿದರೆ ಹಕ್ಕಿಗೆ ನೋವಾಗದು. ಆದರೆ ಬೆಳೆಯುತ್ತಿರುವ ಎಳೆಗರಿಯ ಕತೆಯೇ ಬೇರೆ. ಅದರ ಬುಡದ ಕೊಳವೆಯೊಳಗೆ ರಕ್ತ ಹರಿಯುತ್ತಿರುತ್ತದೆ, ಆದ್ದರಿಂದ ಅದು ನೀಲಿಗಪ್ಪಾಗಿ, ದಪ್ಪವಾಗಿ ಕಾಣುತ್ತದೆ. ಅಂಥ ಗರಿಗೆ ಕತ್ತರಿ ತಗುಲಿದರೆ ನೋವೂ ಆಗುತ್ತದೆ, ರಕ್ತವೂ ಸುರಿಯುತ್ತದೆ. ಚಿಕ್ಕ ಹಕ್ಕಿಯ ಮೈಯಲ್ಲಿ ರಕ್ತ ಇರುವುದೇ ಅತ್ಯಲ್ಪ.

ಇದರ ಜೊತೆಗೆ ಇನ್ನೊಂದು ಸಂಗತಿಯಿದೆ, ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಅದೇ. ಸಹಜವಾದ ರೆಕ್ಕೆಯಲ್ಲಿ ಹಳೆಯ ಗರಿಯೊಂದು ಉದುರಿ ಆ ಜಾಗದಲ್ಲಿ ಎಳೆಗರಿ ಮೂಡಿದಾಗ, ಅಕ್ಕಪಕ್ಕದ ಬಲಿತ ಗರಿಗಳು ಅದಕ್ಕೆ ಆಸರೆಯಾಗಿ ನಿಂತು ಪೆಟ್ಟು ಬೀಳದಂತೆ ಕಾಯುತ್ತವೆ. ಕತ್ತರಿಸಿದ ರೆಕ್ಕೆಯಲ್ಲಿ ಆ ಕಾವಲು ಇರುವುದಿಲ್ಲ. ಎಳೆಗರಿ ಒಂಟಿಯಾಗಿ ಹೊರಚಾಚಿಕೊಂಡು, ಪಂಜರದ ಸರಳಿಗೋ ನೆಲಕ್ಕೋ ತಾಗಿ ಮುರಿಯುತ್ತದೆ, ಮತ್ತೆ ಮೂಡುತ್ತದೆ, ಮತ್ತೆ ಮುರಿಯುತ್ತದೆ. ಕತ್ತರಿಸಿದ ಗರಿಗಳ ಮೊನಚು ತುದಿಗಳು ಪಕ್ಕೆಗೆ ಚುಚ್ಚಿ, ಆ ಕಿರಿಕಿರಿಗೆ ತನ್ನ ಗರಿಗಳನ್ನು ತಾನೇ ಜಗಿದುಕೊಳ್ಳುವ ಗಿಳಿಗಳೂ ಇವೆ.

ಎಷ್ಟು ಗರಿ ಕತ್ತರಿಸಬೇಕು ಎಂಬುದಕ್ಕೆ ಎಲ್ಲ ಗಿಳಿಗಳಿಗೂ ಹೊಂದುವ ಒಂದೇ ಲೆಕ್ಕವಿಲ್ಲ. ಸುಮಾರು 90 ಗ್ರಾಂ ತೂಗುವ ಕಾಕಟೀಲ್ ಕೆಲವು ಗರಿಗಳನ್ನು ಕಳೆದುಕೊಂಡರೂ ಸಲೀಸಾಗಿ ಮೇಲೇರಬಲ್ಲದು. ಅದೇ 400 ಗ್ರಾಂ ದಾಟುವ ಆಫ್ರಿಕನ್ ಗ್ರೇ ಗಿಳಿಯ ಗರಿಗಳನ್ನು ಅತಿಯಾಗಿ ಕತ್ತರಿಸಿದರೆ, ಅದು ಕೊಂಬೆಯಿಂದ ಜಿಗಿದೊಡನೆ ನೇರವಾಗಿ ನೆಲಕ್ಕೆ ಬಿದ್ದು ಎದೆಮೂಳೆಯ ಮೇಲಿನ ಚರ್ಮ ಸೀಳಿಕೊಳ್ಳುತ್ತದೆ. ಒಂದೇ ರೆಕ್ಕೆಯನ್ನು ಕತ್ತರಿಸುವ ಪದ್ಧತಿಯಂತೂ ನನ್ನ ಪ್ರಕಾರ ಸಲ್ಲದು; ಹಕ್ಕಿ ಆಯ ತಪ್ಪಿ ಸುತ್ತುತ್ತಾ ಬೀಳುತ್ತದೆ.

ವಯಸ್ಸೂ ಮುಖ್ಯ. ಮರಿಗಿಳಿ ಮೊದಲ ಬಾರಿಗೆ ಹಾರತೊಡಗುವ ಕಾಲದಲ್ಲಿಯೇ ಅದರ ಎದೆಯ ಸ್ನಾಯುಗಳು ಬಲಿಯುತ್ತವೆ, ದೂರವನ್ನು ಅಂದಾಜಿಸುವುದು, ತಿರುಗುವುದು, ವೇಗ ತಗ್ಗಿಸಿ ಸರಿಯಾದ ಜಾಗದಲ್ಲಿ ಇಳಿಯುವುದು ರೂಢಿಯಾಗುತ್ತವೆ. ಆ ಕಲಿಕೆಗೆ ಮುನ್ನವೇ ಗರಿ ಕಳೆದುಕೊಂಡ ಮರಿ ದೊಡ್ಡದಾದ ಮೇಲೂ ಅಂಜುಬುರುಕಾಗಿ, ಅಡ್ಡಾದಿಡ್ಡಿಯಾಗಿ ಚಲಿಸುವ ಸಾಧ್ಯತೆ ಹೆಚ್ಚು. ನಮ್ಮ ಗಿಳಿ ಈಗ ಈ ವಯಸ್ಸಿನಲ್ಲಿಯೇ ಇದೆ. ಕಿಟಕಿ ಪರದೆಯ ಕಂಬಿಯ ಮೇಲೆ ಇಳಿಯುವ ಮುನ್ನ ಅದು ಬಾಲವನ್ನು ಅಗಲಿಸಿ, ಮೈಯನ್ನು ನೆಟ್ಟಗೆ ಮಾಡಿ, ಎರಡೂ ಕಾಲುಗಳನ್ನು ಮುಂದಕ್ಕೆ ಚಾಚುವುದನ್ನು ಈ ನಿಧಾನಗತಿಯ ದೃಶ್ಯದಲ್ಲಿ ಗಮನಿಸಿ. ಮೊದಮೊದಲು ಕಂಬಿಯನ್ನು ದಾಟಿ ಹೋಗಿ ಗೋಡೆಗೆ ಒರಗಿ ಜಾರುತ್ತಿದ್ದ ಹಕ್ಕಿ ಇದೇ.

ಕಚ್ಚುವ ಗಿಳಿ ರೆಕ್ಕೆ ಕತ್ತರಿಸಿದರೆ ಪಳಗುತ್ತದೆ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹೆದರಿದ ಹಕ್ಕಿ ಮೊದಲು ಮಾಡುವ ಕೆಲಸ ದೂರ ಹಾರುವುದು. ಆ ದಾರಿಯನ್ನು ಮುಚ್ಚಿದರೆ ಅದಕ್ಕೆ ಉಳಿಯುವುದು ಕೊಕ್ಕು ಮಾತ್ರ. ವಿಧೇಯತೆ ಎಂದು ನಾವು ತಿಳಿಯುವುದು ಎಷ್ಟೋ ಸಲ ಅದರ ಅಸಹಾಯಕತೆಯಾಗಿರುತ್ತದೆ.

ಆದ್ದರಿಂದ ನಾನು ಕತ್ತರಿಸದಿರಲು ನಿರ್ಧರಿಸಿದ್ದೇನೆ. ಈ ನಿರ್ಧಾರಕ್ಕೆ ತಕ್ಕ ದುಡಿಮೆಯನ್ನೂ ಮಾಡಲೇಬೇಕು. ಇಲ್ಲವಾದರೆ ಅದು ಹಕ್ಕಿಯನ್ನು ಅಪಾಯಕ್ಕೆ ಒಡ್ಡಿದಂತೆ. ಕಿಟಕಿಗಳಿಗೆ ಲೋಹದ ಜಾಲರಿ ಹಾಕಿಸಿದ್ದೇವೆ, ಏಕೆಂದರೆ ನೈಲಾನ್ ಬಲೆಯನ್ನು ಗಿಳಿ ಕೊಕ್ಕಿನಿಂದ ಕತ್ತರಿಸಿಬಿಡುತ್ತದೆ. ಗಿಳಿ ಹೊರಗಿರುವಾಗ ಫ್ಯಾನ್ ಹಾಕುವುದಿಲ್ಲ, ಅಡುಗೆಮನೆಯ ಬಾಗಿಲು ಮುಚ್ಚಿರುತ್ತದೆ, ಮುಂಬಾಗಿಲನ್ನು ತೆರೆಯುವ ಮುನ್ನ ಅದು ಪಂಜರದೊಳಗೆ ಹೋಗಿರಬೇಕು. ಮನೆಗೆ ಬರುವ ಅತಿಥಿಗಳಿಗೂ ಇದನ್ನು ಹೇಳಲು ನಾನು ಸಂಕೋಚಪಡುವುದಿಲ್ಲ.

ಕರೆದಾಗ ಬರುವುದನ್ನು ಕಲಿಸುವುದು ಇದೆಲ್ಲಕ್ಕಿಂತ ಸಂತೋಷದ ಕೆಲಸ. ಮೊದಲು ಒಂದು ಗೇಣು ದೂರದಲ್ಲಿ ಕೈ ಚಾಚಿ, ಯಾವಾಗಲೂ ಒಂದೇ ಪದದಿಂದ ಕರೆದು, ಬಂದೊಡನೆ ಒಂದು ಸೂರ್ಯಕಾಂತಿ ಬೀಜ ಕೊಡಬೇಕು. ಸಲೀಸಾಗಿ ಬರತೊಡಗಿದ ಮೇಲೆ ದೂರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ಬಾರದಿದ್ದರೆ ಗದರಿಸಬಾರದು, ಕರೆದು ಬಂದ ಹಕ್ಕಿಯನ್ನು ಪ್ರತಿಬಾರಿಯೂ ಹಿಡಿದು ಪಂಜರಕ್ಕೆ ಹಾಕಿದರೆ ಮುಂದೆ ಅದು ಬರುವುದನ್ನೇ ಬಿಡುತ್ತದೆ.

ಎಲ್ಲ ಮನೆಗಳಲ್ಲೂ ಇಂಥ ಏರ್ಪಾಡು ಸಾಧ್ಯವಿಲ್ಲ ಎಂಬುದು ನಿಜ. ಸದಾ ಜನ ಓಡಾಡುವ, ಬಾಗಿಲು ತೆರೆದೇ ಇರುವ ಮನೆಯಲ್ಲಿ, ಆಗಲೇ ಚೆನ್ನಾಗಿ ಹಾರಲು ಕಲಿತ ಗಿಳಿಯ ಕೆಲವೇ ಗರಿಗಳನ್ನು ತಾತ್ಕಾಲಿಕವಾಗಿ ಕತ್ತರಿಸುವ ಕುಟುಂಬವನ್ನು ನಾನು ದೂಷಿಸಲಾರೆ. ಆದರೆ ಆ ಕೆಲಸವನ್ನು ಪಕ್ಷಿಗಳ ಅನುಭವವಿರುವ ಪಶುವೈದ್ಯರಿಂದಲೇ ಮಾಡಿಸಿ. ಎಳೆಗರಿಗಳಿವೆಯೇ ಎಂದು ಮೊದಲು ನೋಡಿ, ಮೆಲ್ಲಗೆ ತೇಲಿ ನೆಲಕ್ಕಿಳಿಯುವಷ್ಟು ಶಕ್ತಿಯನ್ನು ಹಕ್ಕಿಗೆ ಉಳಿಸಲು ಅವರಿಗೆ ಹೇಳಿ. ಗರಿ ಉದುರಿ ಹೊಸದು ಮೂಡುವ ಕಾಲದಲ್ಲಿ ಒಂದೆರಡು ಗರಿ ಬೆಳೆದರೂ ಸಾಕು, ಚಿಕ್ಕ ಗಿಳಿ ಮತ್ತೆ ಹಾರಬಲ್ಲದು. ಬೀಸುಗಾಳಿಯ ನೆರವು ಸಿಕ್ಕರೆ ಅಷ್ಟೂ ಬೇಕಿಲ್ಲ. ಕತ್ತರಿಸಿಯಾಗಿದೆ ಎಂಬ ನಂಬಿಕೆಯಿಂದ ಹೆಗಲ ಮೇಲೆ ಕೂರಿಸಿಕೊಂಡು ಹೊರಗೆ ಹೋದವರ ಗಿಳಿಗಳು ಕಳೆದುಹೋಗುವುದು ಹೀಗೆಯೇ. ಗರಿ ಪೂರ್ತಿ ಇರಲಿ, ಮೊಟಕಾಗಿರಲಿ, ಪಂಜರವೋ ಸರಿಯಾಗಿ ತೊಡಿಸಿದ ಹಾರ್ನೆಸ್ಸೋ (ಹಕ್ಕಿಯ ಮೈಗೆ ತೊಡಿಸುವ ಪಟ್ಟಿ) ಇಲ್ಲದೆ ಗಿಳಿಯನ್ನು ಹೊಸ್ತಿಲು ದಾಟಿಸಬೇಡಿ.