ಬಂದೂಕಿನ ಪೆಟ್ಟಿಗೆಯ ಬೀಗದ ಕೈ

ಎಲ್ಲರಿಗೂ ನಮಸ್ಕಾರ.

ಚುನಾವಣೆ ಘೋಷಣೆಯಾದ ಕೂಡಲೇ ತೋಟದ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ತರುವುದು ಚಿಕ್ಕಮಗಳೂರಿನ ಬೆಳೆಗಾರರಿಗೆ ಹೊಸದಲ್ಲ. ಕಾಡುಹಂದಿ ಕಾಟವಿದ್ದರೂ ಕೊಡುತ್ತೇವೆ. ರಸೀದಿಯಲ್ಲಿ ಕೋವಿಯ ನಂಬರಿರುತ್ತದೆ, ಚುನಾವಣೆ ಮುಗಿದ ಮೇಲೆ ಕೋವಿ ಮನೆಗೆ ಬರುತ್ತದೆ. ಸರ್ಕಾರದ ವಿರುದ್ಧ ಬಂದೂಕು ಹಿಡಿದವರಿಗೆ ಆ ಧೈರ್ಯವಿಲ್ಲ. ಒಮ್ಮೆ ಕೊಟ್ಟರೆ ಮುಗಿಯಿತು; ನಾಳೆ ಎದುರಿನವರು ಮಾತು ತಪ್ಪಿದರೆ ಗತಿಯೇನು? ‘ಮೊದಲು ಶಸ್ತ್ರ ಕೆಳಗಿಡಿ, ಆಮೇಲೆ ಮಾತು’ ಎಂಬ ಷರತ್ತು ಎಡವುವುದು ಇಲ್ಲೇ.

ನೇಪಾಳದವರು ಇದಕ್ಕೊಂದು ಉಪಾಯ ಕಂಡುಕೊಂಡರು. 2006ರ ನವೆಂಬರಿನಲ್ಲಿ ಸರ್ಕಾರದೊಂದಿಗೆ ಆದ ಶಾಂತಿ ಒಪ್ಪಂದದ ನಂತರ ಮಾವೋವಾದಿ ಹೋರಾಟಗಾರರು 7 ಮುಖ್ಯ ಶಿಬಿರ, 21 ಉಪಶಿಬಿರಗಳಿಗೆ ಬಂದರು. ಒಂದೊಂದೇ ಬಂದೂಕನ್ನು ದಾಖಲಿಸಿ ಕಬ್ಬಿಣದ ಕಂಟೇನರಿನಲ್ಲಿಟ್ಟರು. ಬೀಗದ ಕೈ ಮಾತ್ರ ಮಾವೋವಾದಿಗಳ ಹತ್ತಿರವೇ ಉಳಿಯಿತು. ವಿಶ್ವಸಂಸ್ಥೆ ಕ್ಯಾಮೆರಾ, ಸೈರನ್ ಹಾಕಿ ನಿಗಾ ಇಟ್ಟಿತು. ಸೇನೆಯೂ ಅಷ್ಟೇ ಸಂಖ್ಯೆಯ ಆಯುಧಗಳನ್ನು ಬೀಗದೊಳಗೆ ಇಟ್ಟಿತು. ಯಾರಿಗೂ ಸೋತೆವೆಂಬ ಅವಮಾನವಿಲ್ಲ, ಕದ್ದು ಬೀಗ ತೆಗೆದರೆ ಲೋಕಕ್ಕೇ ಗೊತ್ತಾಗುತ್ತದೆ. ಈ ವಿಷಯದಲ್ಲಿ ನಾನು ಕಂಡ ಅತ್ಯಂತ ಜಾಣ ಏರ್ಪಾಡು ಇದು.

ಆಯುಧದ ಲೆಕ್ಕ ಬೇಗ ಮುಗಿಯಿತು, ಮನುಷ್ಯರದ್ದು ಮುಗಿಯಲಿಲ್ಲ. ದಾಖಲಾದ ಆಯುಧ 3,475. ಪರಿಶೀಲನೆಯಲ್ಲಿ ಹೋರಾಟಗಾರರೆಂದು ಒಪ್ಪಿಕೊಂಡವರು 19,602. ಅವರಲ್ಲಿ ಸೇನೆ ಸೇರಿದವರು ಸುಮಾರು 1,400 ಮಂದಿ ಮಾತ್ರ. ಈ ತೀರ್ಮಾನಕ್ಕೆ ಐದು ವರ್ಷ ಹಿಡಿಯಿತು, ಅಷ್ಟೂ ಕಾಲ ಯುವಕ ಯುವತಿಯರು ಶಿಬಿರದಲ್ಲೇ ಕೊಳೆತರು.

ಅಂತರ್ಯುದ್ಧ ಮುಗಿಸಿದ ಆಫ್ರಿಕಾದ ಲೈಬೀರಿಯದಲ್ಲಿ ಕೆಟ್ಟದ್ದು ಮೊದಲ ದಿನವೇ. 2003ರ ಡಿಸೆಂಬರಿನಲ್ಲಿ ಹೋರಾಟಗಾರರು ಆಯುಧ ಒಪ್ಪಿಸಲೆಂದು ರಾಜಧಾನಿಯ ಹತ್ತಿರ ಒಂದೇ ಶಿಬಿರ ತೆರೆದರು. ಸಾವಿರದಷ್ಟು ಜನ ಬಂದಾರೆಂದು ಸಿದ್ಧತೆ. ಬಂದವರು ಅದರ ಹಲವು ಪಟ್ಟು. ಬಂದೂಕು ಕೊಟ್ಟರೆ ದುಡ್ಡು ಆಗಲೇ ಸಿಗುತ್ತದೆಂದು ನಂಬಿದ್ದವರು ಸಿಗದೆ ದಾಂಧಲೆಗಿಳಿದರು. ಕಾರ್ಯಕ್ರಮ ನಿಲ್ಲಿಸಿ ಮರು ವರ್ಷ ಏಪ್ರಿಲ್‌ನಲ್ಲಿ ಮತ್ತೆ ಶುರುಮಾಡಬೇಕಾಯಿತು. ಕೊನೆಗೆ ಹೆಸರು ಬರೆಸಿದವರು ಒಂದು ಲಕ್ಷ ದಾಟಿದರು, ಸಿಕ್ಕ ಬಂದೂಕು ಸುಮಾರು 28 ಸಾವಿರ. ಸವಲತ್ತಿನ ಆಸೆಗೆ ಬಂದೂಕು ಹಿಡಿಯದವರೂ ಸಾಲಿನಲ್ಲಿ ನಿಂತಿದ್ದರು.

ಉತ್ತರ ಐರ್ಲೆಂಡಿನಲ್ಲಿ ತಕರಾರು ಬಂದದ್ದು ಒಂದು ಫೋಟೊಗೆ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದಿದ್ದ ಗುಂಪು ಐಆರ್‌ಎ. ಅದರ ಆಯುಧ ನಾಶದ ಚಿತ್ರ ಬೇಕೆಂದು ಬ್ರಿಟನ್ ಪರವಾದ ಎದುರು ಪಕ್ಷ ಪಟ್ಟು ಹಿಡಿಯಿತು, ಅದು ಅವಮಾನವೆಂದು ಐಆರ್‌ಎ ಒಪ್ಪಲಿಲ್ಲ. ಆಯುಧ ತ್ಯಾಗಕ್ಕೆ 1998ರ ಶಾಂತಿ ಒಪ್ಪಂದ ಕೊಟ್ಟ ಗಡುವು ಎರಡು ವರ್ಷ. ಕೆಲಸ ಮುಗಿದದ್ದು 2005ರ ಸೆಪ್ಟೆಂಬರಿನಲ್ಲಿ, ಫೋಟೊ ಇಲ್ಲದೆ, ಇಬ್ಬರು ಧರ್ಮಗುರುಗಳ ಸಾಕ್ಷಿಯಲ್ಲಿ.

ಕದನವಿರಾಮವೂ ಹೀಗೆಯೇ. ಯಾರು ಎಲ್ಲಿರಬೇಕು, ಆಯುಧ ಹಿಡಿದು ಎಲ್ಲಿಯವರೆಗೆ ಓಡಾಡಬಹುದು, ಗುಂಡು ಹಾರಿದರೆ ತನಿಖೆ ಯಾರದು ಎಂದು ಬರೆದಿಡದಿದ್ದರೆ ಒಂದು ಗುಂಡಿಗೇ ಅದು ಮುರಿಯುತ್ತದೆ.

ಈಗ ನಮ್ಮ ಮಲೆನಾಡು. 2025ರ ಜನವರಿ 8ರಂದು ಆರು ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದರು. ಬಂದೂಕುಗಳು ಅವರ ಜೊತೆ ಬಂದಿರಲಿಲ್ಲ, ಆಮೇಲೆ ಕೊಪ್ಪ ಭಾಗದ ಕಾಡಿನಲ್ಲಿ ಪೊಲೀಸರಿಗೆ ಸಿಕ್ಕವು. ಅದು ಎರಡು ಸೈನ್ಯಗಳ ನಡುವಿನ ಒಪ್ಪಂದವಲ್ಲ, ಶರಣಾಗತಿ. ಆದರೂ ಪ್ರಶ್ನೆ ಅದೇ. ಹಳೆಯ ಕೇಸುಗಳು ಎಷ್ಟು ಬೇಗ ಇತ್ಯರ್ಥವಾಗುತ್ತವೆ, ಪುನರ್ವಸತಿಯ ಹಣ ಕೈಸೇರುತ್ತದೆಯೇ, ಕಾಡಂಚಿನವರ ಜಮೀನಿನ ಹಕ್ಕಿನ ಅರ್ಜಿಗಳಿಗೆ ಉತ್ತರ ಬರುತ್ತದೆಯೇ? ಆ ಬೀಗದ ಕೈ ಸರ್ಕಾರದ ಬಳಿ ಇದೆ.