ಗ್ರೇನ್ ಇರಲಿ ರೀ, ಕಣ್ಣು ಕಾಣಲಿ

ನಮಸ್ಕಾರ ರೀ. ಇವತ್ತು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರೋ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆ ಮಾತಾಡಬೇಕು ಅಂತಿದ್ದೆ. ಆಗಲ್ಲ. ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ನಿಮ್ಮ ನೀರುಕಾಗೆ ಮೇಲೆ ಯಾರೋ ರವೆ ಉದುರಿಸಿದ್ದಾರೆ. ಮೊದಲು ಐಎಸ್‌ಒ ಇಳಿಸೋದು ಕಲಿಯಿರಿ." ರವೆ! ಬೆಳಗ್ಗೆ ಉಪ್ಪಿಟ್ಟು ಗಂಟಲಲ್ಲಿ ಇಳಿಯಲಿಲ್ಲ. ಐಎಸ್‌ಒ ಅಂದ್ರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಅನ್ನೋ ಅಂಕಿ. ಅದನ್ನು ಏರಿಸಿದರೆ ಫೋಟೋದಲ್ಲಿ ರವೆಯಂಥ ಕಾಳು ಕಾಣುತ್ತೆ, ಅದೇ ಗ್ರೇನ್.

ಆ ಫೋಟೋ ತೆಗೆದಿದ್ದು ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ, ಪೆಡಲ್ ಬೋಟಿನಲ್ಲಿ ಕೂತು. ತುಳಿಯುತ್ತಿದ್ದವನು ನಮ್ಮ ಅಕ್ಕನ ಮಗ. ತೊಡೆ ಮೇಲೆ ಗಿರ್ಮಿಟ್ ಪೊಟ್ಟಣ. ಒಂದು ಸಲ ತುಳಿತಾನೆ, ಒಂದು ತುತ್ತು ಬಾಯಿಗೆ ಹಾಕ್ತಾನೆ. ಪ್ರತಿ ತುಳಿತಕ್ಕೂ ಬೋಟು ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಮುಂದೆ ಒಣಕೊಂಬೆ ಮೇಲೆ ನೀರುಕಾಗೆ ರೆಕ್ಕೆ ಹರವಿ ಒಣಗಿಸ್ತಾ ಕೂತಿದೆ. ಮೊದಲು ಶಟರ್ 1/500ರಲ್ಲಿ ಹೊಡೆದೆ, ಅಂದ್ರೆ ಬೆಳಕು ಬಿಡೋ ಬಾಗಿಲು ಸೆಕೆಂಡಿನ ಐನೂರನೇ ಒಂದು ಭಾಗ ಮಾತ್ರ ತೆರೆದಿರುತ್ತೆ; ಐಎಸ್‌ಒ 800. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ, ಹಸಿರು ಮಣಿಯಂಥ ಕಣ್ಣು ಹಸಿರು ಗೀಟಾಗಿತ್ತು. ಆಮೇಲಿನವು 1/2000. ಬಾಗಿಲು ಬೇಗ ಮುಚ್ಚಿದರೆ ಬೆಳಕು ಕಡಿಮೆ, ಅದಕ್ಕೇ ಐಎಸ್‌ಒ 3200. ಗ್ರೇನ್ ಇದೆ. ಆದರೆ ಕಣ್ಣು ಕಣ್ಣಾಗಿದೆ, ಕೊಕ್ಕಿನ ತುದಿಯ ನೀರಿನ ಹನಿ ಸಹ ಹನಿಯಾಗಿದೆ.

ಗ್ರೇನ್ ಆಮೇಲೆ ತೆಗೀಬಹುದು. ಅಲುಗಿದ ಹಕ್ಕಿಯನ್ನು ಏನು ಮಾಡ್ತೀರಿ?

"ಟ್ರೈಪಾಡ್ ಇಡಬೇಕಿತ್ತು ಸರ್" ಅಂತಾರೆ. ಪೆಡಲ್ ಬೋಟಿನಲ್ಲಿ! ಬೋಟೇ ಕುಣಿಯುವಾಗ ಮೂರು ಕಾಲಿಟ್ಟರೆ ಟ್ರೈಪಾಡೂ ಕುಣಿಯುತ್ತೆ, ಅಷ್ಟೇ. "ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ" ಅಂತ ಇನ್ನೊಬ್ಬರು. ಇದೆ ರೀ. ಅದು ನಿಮ್ಮ ಕೈ ನಡುಕ ತಡೆಯುತ್ತೆ. ಹಕ್ಕಿ ಕತ್ತು ತಿರುಗಿಸಿದರೆ ಅದನ್ನೂ ತಡೆಯುತ್ತಾ?

ಎಡಿಟಿಂಗ್‌ಗೆ ಬರೋಣ. ರಾ ಫೈಲಲ್ಲೇ ತೆಗೀರಿ, ಅಂದ್ರೆ ಕ್ಯಾಮೆರಾ ತಾನೇ ತಿದ್ದದ ಹಸಿ ಫೋಟೋ. ನಾಯ್ಸ್, ಅಂದ್ರೆ ಅದೇ ಗ್ರೇನ್, ಕಡಿಮೆ ಮಾಡೋದನ್ನು ಹಿನ್ನೆಲೆಯ ನೀರಿಗೆ ಜೋರಾಗಿ, ಹಕ್ಕಿಗೆ ಹಗುರಾಗಿ ಹಾಕಿ. ಇಲ್ಲಾಂದ್ರೆ ಗರಿ ಹೋಗಿ ಪ್ಲಾಸ್ಟಿಕ್ ಆಗುತ್ತೆ. ಬೋಟಿನಲ್ಲಿ ನೀರಿನ ಗೆರೆ ವಾಲೇ ವಾಲುತ್ತೆ. ನೇರ ಮಾಡುವಾಗ ಅಂಚು ಕತ್ತರಿಸಿ ಹೋಗುತ್ತೆ, ಅದಕ್ಕೆ ಹಕ್ಕಿ ಸುತ್ತ ಜಾಗ ಬಿಟ್ಟೇ ತೆಗೀರಿ. ಇನ್ನೊಂದು, ಐಎಸ್‌ಒ ಇಳಿಸಿ ಕತ್ತಲಲ್ಲಿ ತೆಗೆದು, ಆಮೇಲೆ ಕಂಪ್ಯೂಟರಲ್ಲಿ ಬೆಳಕು ಏರಿಸಿದರೆ ಅದೇ ರವೆ ಮತ್ತೆ ಬರುತ್ತೆ. ಕೆಲವೊಮ್ಮೆ ಜಾಸ್ತೀನೇ ಬರುತ್ತೆ. ಇದೆಲ್ಲ ನನ್ನ ಎಡಿಟಿಂಗ್ ಕ್ಲಾಸಿನಲ್ಲಿ ನಿಧಾನವಾಗಿ ತೋರಿಸ್ತೀನಿ. ಲಿಂಕ್ ಕೆಳಗಿದೆ, ಫೀಸ್ ಎರಡು ಪ್ಲೇಟ್ ಮಿರ್ಚಿಗಿಂತ ಸ್ವಲ್ಪ ಜಾಸ್ತಿ.

"ಈಗ ಎಐ ಬಂದಿದೆ, ಬ್ಲರ್ ಕೂಡ ಸರಿ ಮಾಡುತ್ತೆ." ಮಾಡುತ್ತೆ ಮಾರಾಯರೇ! ಇಲ್ಲದ ಗರಿಯನ್ನೂ ಬರೆದು ಕೊಡುತ್ತೆ. ಹಂಗಾದ್ರೆ ಕೆರೆಗೆ ಯಾಕೆ ಹೋಗ್ತೀರಿ? ಮನೆಯಲ್ಲೇ ಕೂತು ನವಿಲು ಮಾಡಿಕೊಳ್ಳಿ.

ಮತ್ತೆ ಹೇಳ್ತೀನಿ, ಶಟರ್ ವೇಗ ಏರಿಸಿ! ಗ್ರೇನ್ ಇರಲಿ! ಇರಲಿ ಅಂದೆ ಅಲ್ವಾ? ನಮ್ಮ ಅಪ್ಪನ ಮದುವೆ ಫೋಟೋದಲ್ಲೂ ಗ್ರೇನ್ ಇದೆ, ಯಾರಾದರೂ ಮದುವೆ ನಡೆದಿಲ್ಲ ಅಂದ್ರಾ? ಇದು ಸರಿಯಾದ ಹೋಲಿಕೆ ಅಲ್ಲ, ಗೊತ್ತು. ಆದರೂ ಇರಲಿ. ಸಬ್‌ಸ್ಕ್ರೈಬ್ ಮಾಡಿ.

ರವೆ ಅಂದವರೇ, ಭಾನುವಾರ ಬೆಳಗ್ಗೆ ಉಣಕಲ್‌ಗೆ ಬನ್ನಿ. ಕ್ಯಾಮೆರಾ ನಾನು ಕೊಡ್ತೀನಿ, ಐಎಸ್‌ಒ 100ಕ್ಕೇ ಇಡಿ. ಪೆಡಲ್ ನಮ್ಮ ಹುಡುಗ ತುಳಿತಾನೆ. ಅವನಿಗೆ ಗಿರ್ಮಿಟ್ ಮಾತ್ರ ನೀವೇ ಕೊಡಿಸಬೇಕು.